ಬಾಗಿಲಿಗೆ ಬಂದ ಸುದ್ದಿ

ಹೊಳೆ ಬಾಗಿ ಹರಿಯುವ ಕಡೆ ಒಂದು ಊರಿತ್ತು. ಆ ಊರಿನಲ್ಲಿ ಗಾಜು ಹೇಳುವ ತನಕ ಯಾವುದೂ ಆದಂತೆ ಆಗುತ್ತಿರಲಿಲ್ಲ.

ಮಗು ಹುಟ್ಟಿ ಕೇರಿಗೆಲ್ಲ ಕೇಳುವಂತೆ ಕಿರುಚುತ್ತಿದ್ದರೂ, ಗಾಜು ಹೇಳುವ ತನಕ ಯಾರೂ ಸಕ್ಕರೆ ಹಂಚುತ್ತಿರಲಿಲ್ಲ. ಮಳೆ ಸುರಿದು ಅಂಗಳವೆಲ್ಲ ಕೆಸರಾದರೂ ಯಾರೂ ಕೊಡೆ ಬಿಚ್ಚುತ್ತಿರಲಿಲ್ಲ. ತೊಯ್ದುಕೊಂಡೇ ಮನೆಗೆ ಬಂದು ತಲೆ ಒರೆಸಿಕೊಳ್ಳುತ್ತ, "ಸಂಜೆ ನೋಡೋಣ, ಮಳೆ ಬಂತೋ ಇಲ್ಲವೋ" ಅನ್ನುತ್ತಿದ್ದರು. ಸಾವಿಗೂ ಅದೇ ಕಟ್ಟಳೆ. ಉಸಿರು ನಿಂತವರ ಸುತ್ತ ಮನೆಮಂದಿ ಅಳು ನುಂಗಿಕೊಂಡು ಕೂತಿರುತ್ತಿದ್ದರು. ಸಂಜೆ ಗಾಜು ಹೇಳಿದ ಮೇಲೆಯೇ ಬಾಯಿಬಿಟ್ಟು ಅಳುತ್ತಿದ್ದರು.

ಗಾಜು ಅಂದರೆ ಪ್ರತಿ ಮನೆಯ ಗೋಡೆಗೂ ಕೂರಿಸಿದ್ದ ಒಂದು ಹಲಗೆ. ಬೇರೆ ಊರುಗಳಲ್ಲಿ ಅದನ್ನು ಟೀವಿ ಅನ್ನುತ್ತಾರಂತೆ, ಅದರ ಮುಂದೆ ಕಾಲು ಚಾಚಿಕೊಂಡು ಕಡಲೆಕಾಯಿ ತಿನ್ನುತ್ತಾರಂತೆ, ಬೇಜಾರಾದರೆ ಎದ್ದೂ ಹೋಗುತ್ತಾರಂತೆ. ಈ ಊರಿನವರಿಗೆ ಅಂಥ ಸಲಿಗೆ ಇರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಕೈಕಾಲು ತೊಳೆದು, ತಟ್ಟೆ ಹಾಕಿಕೊಂಡು, ಗಾಜಿನ ಮುಂದೆ ಸಾಲಾಗಿ ಕೂರುತ್ತಿದ್ದರು. ಗಾಜು ಮೊದಲು ಬೂದಿ ಬಣ್ಣಕ್ಕೆ ತಿರುಗುತ್ತಿತ್ತು, ಆಮೇಲೆ ಬೆಳಗುತ್ತಿತ್ತು, ಆಮೇಲೆ ಅದರಲ್ಲಿ ಒಂದು ಮುಖ ಮೂಡುತ್ತಿತ್ತು. ಆ ಮುಖ ಹೇಳುವವಳದು.

"ಕೇಳಿರಿ, ಇದು ಆಯಿತು" ಅನ್ನುತ್ತಿದ್ದಳು ಹೇಳುವವಳು. ಪ್ರತಿ ಸುದ್ದಿಗೂ ಮೊದಲು ಅದೇ ಮಾತು.

ಅವಳು ಸುದ್ದಿ ಹೇಳಿ ಮುಗಿಸಿದಾಗ ಊರಿಗೆ ಊರೇ "ಆಯಿತು" ಅನ್ನುತ್ತಿತ್ತು. ಆಗ ಅದು ಆಗುತ್ತಿತ್ತು.

ಹೇಳುವವಳು ಚಿಕ್ಕ ಹುಡುಗಿಯಾಗಿದ್ದಾಗಲೇ ಆ ಕೆಲಸಕ್ಕೆ ಬಂದವಳು. ಒಂದು ದಿನ ಬಾವಿಕಟ್ಟೆಯಲ್ಲಿ ಯಾರನ್ನೋ ಕೂಗಿ ಕರೆಯುತ್ತಿದ್ದಾಗ ಅವಳ ದನಿ ಗಾಜಿನ ಮನೆಯ ಯಜಮಾನನ ಕಿವಿಗೆ ಬಿತ್ತು. ಆ ದನಿಯಲ್ಲಿ ಒಂದು ಗುಣವಿತ್ತು. 'ನೀರು ತಣ್ಣಗಿದೆ' ಅಂದರೆ ಕೇಳಿದವರ ಮೈ ಜುಮ್ಮೆನ್ನುತ್ತಿತ್ತು. ಯಜಮಾನ ಅವಳನ್ನು ಊರಿನ ಗಾಜುಗಳಿಗೆಲ್ಲ ಸುದ್ದಿ ಹೋಗುವ, ಗುಡ್ಡದ ಮೇಲಿನ ಗಾಜಿನ ಮನೆಗೆ ಕರೆದುಕೊಂಡು ಹೋಗಿ, ಆಗ ಸುದ್ದಿ ಹೇಳುತ್ತಿದ್ದ ಮುದುಕನ ಪಕ್ಕದಲ್ಲಿ ಕೂರಿಸಿದ.

ಮುದುಕ ಅವಳಿಗೆ ಮುಖ ಕಲಿಸಿದ. ಹುಟ್ಟಿಗೂ ಸಾವಿಗೂ ಒಂದೇ ಮುಖ ಇರಬೇಕು, ಹುಬ್ಬು ಹಾರಬಾರದು, ತುಟಿ ನಡುಗಬಾರದು ಎಂದು ಹೇಳಿಕೊಟ್ಟ. ಆಮೇಲೆ ಒಂದು ಪ್ರಶ್ನೆ ಕಲಿಸಿದ. ಸುದ್ದಿ ತರುವವನು ಮೆಟ್ಟಿಲು ಹತ್ತಿ ಬಂದಾಗ ಅವನನ್ನು ತಡೆದು ಕೇಳಬೇಕಾದ ಪ್ರಶ್ನೆ ಅದು.

"ಕಂಡೆಯಾ, ಕೇಳಿದೆಯಾ?"

"ಕಂಡೆ" ಅಂದರೆ ಮಾತ್ರ ಹೇಳಬೇಕು. "ಕೇಳಿದೆ" ಅಂದರೆ ಅವನನ್ನು ಮತ್ತೆ ಗುಡ್ಡ ಇಳಿಸಿ ಕಳಿಸಬೇಕು. ಎಷ್ಟೇ ಹೊತ್ತಾಗಲಿ, ಊರೆಲ್ಲ ಗಾಜಿನ ಮುಂದೆ ಕಾಯುತ್ತಿರಲಿ.

"ನಮ್ಮ ಹಿಂದಿನವರು ಇಲ್ಲಿ ಕೂತು ಹೇಳ್ತಿರಲಿಲ್ಲ ಮಗಳೇ" ಎಂದಿದ್ದ ಮುದುಕ ಒಮ್ಮೆ, ಗಾಜಿನಲ್ಲಿ ಬೆಳ್ಳಗೆ ಕಾಣಲೆಂದು ಮುಖಕ್ಕೆ ಹಿಟ್ಟು ಹಚ್ಚಿಕೊಳ್ಳುತ್ತ. "ಮನೆ ಮನೆಗೆ ಹೋಗಿ ಬಾಗಿಲಲ್ಲಿ ನಿಂತು ಹೇಳಿ ಬರ್ತಿದ್ದರು. ಗಾಜು ಬಂತು, ಬದುಕಿಕೊಂಡೆವು. ಆ ಬೀದಿನಾಯಿಗಳ ಕಾಟ ಯಾರಿಗೆ ಬೇಕು?"

ಅವಳೂ ನಕ್ಕಿದ್ದಳು. ನಾಯಿಗಳೆಂದರೆ ಅವಳಿಗೂ ಹೆದರಿಕೆಯೇ.

ಮುದುಕ ಹೋದ. ಅವನು ಹೋದದ್ದನ್ನೂ ಅವಳೇ ಹೇಳಿದಳು, ಹುಬ್ಬು ಹಾರಿಸದೆ. ಅವಳ ಅಪ್ಪ ತೀರಿಕೊಂಡದ್ದನ್ನೂ ಅವಳೇ ಹೇಳಿದಳು. "ಕೇಳಿರಿ, ಇದು ಆಯಿತು. ಬಾವಿಕೇರಿಯ ಬುಟ್ಟಿ ಹೆಣೆಯುವವನು ತೀರಿಕೊಂಡ." ಅಪ್ಪ ಅನ್ನಲಿಲ್ಲ. ಹಾಗನ್ನುವ ಕ್ರಮ ಇರಲಿಲ್ಲ. ಊರು "ಆಯಿತು" ಅಂದಿತು. ಎಂಥ ಗಟ್ಟಿ ಹೆಣ್ಣು ಎಂದು ಹೊಗಳಿತು. ಅವಳಿಗೆ ಆ ಹೊಗಳಿಕೆ ಹಿತವಾಗಿತ್ತು ಎಂದು ಇಲ್ಲಿ ಹೇಳಿಬಿಡಬೇಕು. ಸುಮ್ಮನೆ ಮುಚ್ಚಿಡುವುದು ಯಾಕೆ?

ವರ್ಷಗಳು ಹೋದವು. ಮದುಮಕ್ಕಳು ಅವಳ ಹಾಗೆ ತಲೆ ಬಾಚಿಕೊಳ್ಳತೊಡಗಿದರು. ತಾಯಂದಿರು ಅಳುವ ಮಕ್ಕಳಿಗೆ, "ತಡಿ, ಹೇಳುವವಳು ನಿನ್ನ ಹೆಸರು ಹೇಳಿಬಿಡ್ತಾಳೆ" ಎಂದು ಹೆದರಿಸುತ್ತಿದ್ದರು. ಯಾರೂ ಅವಳನ್ನು ಗಾಜಿನಿಂದ ಹೊರಗೆ ಕಂಡವರಲ್ಲ. ಮನೆಯಿಂದ ಗುಡ್ಡಕ್ಕೆ, ಗುಡ್ಡದಿಂದ ಮನೆಗೆ ಪರದೆ ಇಳಿಬಿಟ್ಟ ಗಾಡಿಯಲ್ಲಿ ಹೋಗಿ ಬರುತ್ತಿದ್ದಳು. ಗಾಜಿನಲ್ಲಿ ಕಾಣುವುದು ಎದೆಯಿಂದ ಮೇಲಷ್ಟೇ. ಅದಕ್ಕೇ ಅವಳು ಮೇಲೆ ಜರಿಯ ಶಾಲು ಹೊದ್ದು ಕೆಳಗೆ ಹಳೆಯ ನೂಲಿನ ಸೀರೆ ಉಟ್ಟು, ಬರಿಗಾಲಲ್ಲಿ ಕೂತು ಊರಿಗೆ ಸುದ್ದಿ ಹೇಳುತ್ತಿದ್ದಳು. ಊರಿನವರು ಅವಳ ಕಾಲು ನೋಡಿರಲಿಲ್ಲ. ಅವಳಿಗೆ ಕಾಲೇ ಇಲ್ಲ, ಗಾಜಿನ ಒಳಗೇ ಬೆಳೆದವಳು ಎಂದು ಮಕ್ಕಳು ಮಾತಾಡಿಕೊಳ್ಳುತ್ತಿದ್ದರು. ದೊಡ್ಡವರೂ ಅದನ್ನು ಅಲ್ಲಗಳೆಯುತ್ತಿರಲಿಲ್ಲ.

ಹೀಗಿರುವಾಗ ಹೊಳೆಯಾಚೆಯ ದಿಬ್ಬದ ಮೇಲೆ ಇನ್ನೊಂದು ಗಾಜಿನ ಮನೆ ಎದ್ದಿತು. ಅಲ್ಲಿ ಒಬ್ಬ ಹೇಳುವವನು ಬಂದ. ಅವನು ಹೇಳುತ್ತಿರಲಿಲ್ಲ, ಅರಚುತ್ತಿದ್ದ. ಮೇಜು ಕುಟ್ಟುತ್ತಿದ್ದ. ಊರಿನವರಿಗೆ ಮೊದಮೊದಲು ತಲೆ ಕೆಟ್ಟಿತು. ಈಚೆಯ ಗಾಜು ಹೇಳಿದ್ದು ಆಗುತ್ತದೋ, ಆಚೆಯದು ಹೇಳಿದ್ದು ಆಗುತ್ತದೋ? ಹಿರಿಯರು ಕೂತು ತೀರ್ಮಾನ ಮಾಡಿದರು: ಯಾರು ಮೊದಲು ಹೇಳುತ್ತಾರೋ ಅದೇ ಆಗಿದ್ದು.

ಆ ತೀರ್ಮಾನ ಬಂದ ದಿನದಿಂದ ಯಜಮಾನ ಹೇಳುವವಳ ಬೆನ್ನ ಹಿಂದೆ ಬಂದು ನಿಲ್ಲತೊಡಗಿದ. "ಬೇಗ, ಬೇಗ" ಅನ್ನುವುದು ಬಿಟ್ಟು ಅವನ ಬಾಯಲ್ಲಿ ಬೇರೆ ಮಾತೇ ಇರಲಿಲ್ಲ.

ಒಂದು ಸಂಜೆ ಸುದ್ದಿ ತರುವವನು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದ. ಅಂಬಿಗನ ದೋಣಿ ಖಾಲಿಯಾಗಿ ನಡುಹೊಳೆಯಲ್ಲಿ ಸುತ್ತುತ್ತಿದೆ, ಅವನ ಟವಲು ನೀರಲ್ಲಿ ತೇಲುತ್ತಿದೆ, ಅಂಬಿಗ ಮುಳುಗಿ ಸತ್ತ ಎಂದ.

ಹೇಳುವವಳು ಬಾಯಿ ತೆರೆದಳು. "ಕಂ..." ಎಂಬಷ್ಟು ನಾಲಿಗೆಯ ತುದಿಗೆ ಬಂದಿತ್ತು. ಕಿಟಕಿಯಲ್ಲಿ ನೋಡಿದರೆ ಆಚೆಯ ದಿಬ್ಬದ ಗಾಜಿನ ಮನೆಯಲ್ಲಿ ಅವಸರದಿಂದ ದೀಪ ಹಚ್ಚುತ್ತಿದ್ದರು.

"ಏನು ನೋಡ್ತೀಯಮ್ಮ? ಅವನು ಹೇಳಿಬಿಡ್ತಾನೆ!" ಎಂದು ಯಜಮಾನ ಕೈ ಹಿಸುಕಿಕೊಂಡ. "ಮೊದಲು ಹೇಳು. ಆಮೇಲೆ ಕೇಳು."

ಅವಳು ಪ್ರಶ್ನೆ ನುಂಗಿಕೊಂಡಳು. ಗಾಜು ಬೆಳಗಿತು.

"ಕೇಳಿರಿ, ಇದು ಆಯಿತು. ಅಂಬಿಗ ಹೊಳೆಯಲ್ಲಿ ಮುಳುಗಿ ಸತ್ತ."

ಊರು "ಆಯಿತು" ಅಂದಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಆಚೆಯ ಗಾಜೂ ಅದನ್ನೇ ಅರಚಿತು. ಸಾಯುವ ಮುಂಚೆ ಅಂಬಿಗ ಏನೆಂದು ಕೂಗಿದ ಅನ್ನುವುದನ್ನೂ ಸೇರಿಸಿತು. ಆದರೂ ಮೊದಲು ಹೇಳಿದ್ದು ಈಚೆಯವರೇ. ಯಜಮಾನ ಹೇಳುವವಳಿಗೆ ಕೈಯಾರೆ ಹಾಲು ತಂದುಕೊಟ್ಟ.

ಮಾರನೆಯ ಬೆಳಿಗ್ಗೆ ಗಾಜಿನ ಮನೆಯ ಕಿಟಕಿಯ ಕೆಳಗೆ, ಕಲ್ಲಿನ ಮೇಲೆ ಒಬ್ಬ ಕೂತಿದ್ದ. ಕಪ್ಪು ಮೈ, ಹುಟ್ಟು ಹಾಕಿ ಹಾಕಿ ಉಬ್ಬಿದ ತೋಳು. ಕಿಟಕಿಯಲ್ಲಿ ಅವಳನ್ನು ಕಂಡು ಎದ್ದು ಕೈಮುಗಿದ.

"ತಾಯೀ, ನಾನು ಅಂಬಿಗ. ನಾನು ಸತ್ತಿಲ್ಲ."

ಅವಳು ಕಿಟಕಿಯಿಂದ ಇನ್ನಷ್ಟು ಬಗ್ಗಿದಳು.

"ದೋಣಿ ಹಗ್ಗ ಬಿಚ್ಕೊಂಡು ಹೋಗೈತೆ ಕಣವ್ವ. ಟವಲ್ಲು ಅದರೊಳಗೇ ಇತ್ತು. ನಾನು ಮನೇಲಿದ್ದೆ. ಮುದ್ದೆ ಉಣ್ತಾ ನಿನ್ನೇ ನೋಡ್ತಾ ಕುಂತಿದ್ದೆ. ನೀನು ಅಂಬಿಗ ಸತ್ತ ಅಂದೆ. ನಂಗೆ ನಗು ಬಂತು. ತಿರುಗಿ ನೋಡಿದ್ರೆ ನಮ್ಮೋಳು ಬಳೆ ತೆಗೀತಾವ್ಳೆ."

"ನೀನು ಏನೂ ಅನ್ನಲಿಲ್ಲವಾ?"

"ಅಂದೆ. ಲೇ, ಇಲ್ಲೇ ಇದ್ದೀನಲ್ಲೇ ಅಂದೆ. ಒಂದು ಗಳಿಗೆ ನನ್ನ ಮುಖ ನೋಡಿದ್ಳು, ಒಂದು ಗಳಿಗೆ ಗಾಜು ನೋಡಿದ್ಳು. ಅಷ್ಟರಲ್ಲಿ ಕೇರಿಯೋರೆಲ್ಲ ಅಳ್ತಾ ಒಳಗೆ ಬಂದ್ರು. ನನ್ನ ಮುಂದಿನ ತಟ್ಟೆ ಎತ್ತಿಬಿಟ್ರು ತಾಯಿ, ಇನ್ನೂ ಅರ್ಧ ಮುದ್ದೆ ಇತ್ತು." ಅವನು ಬೈಯುವ ದನಿಯಲ್ಲಿ ಹೇಳುತ್ತಿರಲಿಲ್ಲ. ದಾರಿ ತಪ್ಪಿದವನು ದಾರಿ ಕೇಳುವ ದನಿ ಅದು. "ಈಗ ಯಾರೂ ನನ್ನ ನೋಡಾಕಿಲ್ಲ. ಮೈಮೇಲೆ ಬಂದ್ರೂ ಪಕ್ಕಕ್ಕೆ ಹೋಯ್ತಾರೆ. ಇವತ್ತು ಸಂಜೆ ನೀನು ಒಂದು ಮಾತು ಅಂದ್ಬಿಡವ್ವ. ತಪ್ಪಾಯ್ತು, ಅವನು ಬದುಕವ್ನೆ ಅಂತ. ಅಷ್ಟೇಯ."

"ಹೇಳ್ತೀನಿ" ಅಂದಳು ಅವಳು. "ಇವತ್ತು ಸಂಜೆಯೇ ಹೇಳ್ತೀನಿ."

ಅವಳು ಯಜಮಾನನ ಬಳಿ ಹೋದಳು. ಅವನು ಅವಳ ಮಾತು ಕೊನೆಯ ತನಕ ಕೇಳಿದ, ಗದರಲಿಲ್ಲ. ಹೊರಗೆ ಕರೆದುಕೊಂಡು ಬಂದು ಊರನ್ನು ತೋರಿಸಿದ. ಮನೆಗಳ ಮೇಲೆ ಹೊಗೆ ಏಳುತ್ತಿತ್ತು, ಮಕ್ಕಳು ಆಡುತ್ತಿದ್ದರು.

"ನೋಡಮ್ಮ, ಆ ಮಗು ಹುಟ್ಟಿದ್ದು ನೀನು ಹೇಳಿದ್ದರಿಂದ. ಆ ಗಂಡಹೆಂಡತಿ ಮದುವೆಯಾದದ್ದು ನೀನು ಹೇಳಿದ್ದರಿಂದ. ಇವತ್ತು ನೀನು ಬಾಯಿಬಿಟ್ಟು ನನ್ನ ಮಾತು ತಪ್ಪಾಯಿತು ಅಂದರೆ, ನಾಳೆ ಆ ಗಂಡನೇ ಬಂದು ನನ್ನ ಮದುವೆಯೂ ತಪ್ಪು ಅಂತಾನೆ. ನಾಡಿದ್ದು ಇನ್ನೊಬ್ಬ ಬಂದು ಈ ಮಗು ನಂದಲ್ಲ ಅಂತಾನೆ. ಒಬ್ಬ ಅಂಬಿಗನಿಗೋಸ್ಕರ ಊರನ್ನೇ ಬಿಚ್ಚಿ ಹಾಕ್ತೀಯಾ?"

"ಆದರೆ ಅವನು ಬದುಕಿದ್ದಾನಲ್ಲ?"

"ಬದುಕಿದ್ದಾನೆ, ಯಾರು ಬೇಡ ಅಂದರು? ಉಸಿರಾಡಿಕೊಂಡಿರಲಿ ಪಾಪ" ಎಂದು ಯಜಮಾನ ಕೈ ತೊಳೆದುಕೊಂಡ.

ಆ ಸಂಜೆ ಅವಳು ಮುಖಕ್ಕೆ ಹಿಟ್ಟು ಹಚ್ಚಿಕೊಂಡು ಕೂತಳು. ಮಾತು ಗಂಟಲಲ್ಲಿ ಸಿದ್ಧವಾಗಿತ್ತು. ಗಾಜು ಬೆಳಗಿತು. ಊರು ಅವಳನ್ನೇ ನೋಡುತ್ತಿತ್ತು. ಅವಳು ಹೊಸದಾಗಿ ಹುಟ್ಟಿದ ಮಗುವಿನ ಸುದ್ದಿ ಹೇಳಿದಳು, ಸಂತೆಯಲ್ಲಿ ಉಪ್ಪು ತುಟ್ಟಿಯಾದದ್ದನ್ನು ಹೇಳಿದಳು, ಗಾಳಿ ಬೀಸಿದ್ದನ್ನು ಹೇಳಿದಳು. ಗಾಜು ಆರಿತು.

ಯಜಮಾನನಿಗೆ ಹೆದರಿ ಹೇಳಲಿಲ್ಲ ಎಂದು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಳು. ಅದು ನಿಜವಲ್ಲವೆಂದು ಅವಳಿಗೂ ಗೊತ್ತಿತ್ತು. 'ತಪ್ಪಾಯಿತು' ಅಂದ ಮೇಲೆ ಊರು ತನ್ನನ್ನು ಯಾವ ಕಣ್ಣಿನಿಂದ ನೋಡುತ್ತದೆ ಅನ್ನುವುದೇ ಅವಳ ಹೆದರಿಕೆ. ಗಾಜಿನಿಂದ ಹೊರಗೆ ಬಿದ್ದರೆ ಅವಳಿಗೆ ಬೇರೆ ಬದುಕಿರಲಿಲ್ಲ, ಬೇರೆ ಮುಖವೂ ಇರಲಿಲ್ಲ.

ಬೆಳಿಗ್ಗೆ ಕಲ್ಲಿನ ಮೇಲೆ ಅಂಬಿಗ ಕೂತಿದ್ದ.

"ನಾಳೆ ಹೇಳ್ತೀನಿ" ಅಂದಳು.

"ಆಗ್ಲಿ ತಾಯಿ" ಅಂದ.

ಮಾರನೆಯ ದಿನವೂ "ನಾಳೆ" ಅಂದಳು. ಅವನು "ಆಗ್ಲಿ ತಾಯಿ" ಅಂದ. ನಾಳೆಗಳು ಒಂದರ ಹಿಂದೆ ಒಂದು ಬಂದು ಹೋದವು. ಅಂಬಿಗನ ದೋಣಿಯನ್ನು ಬೇರೊಬ್ಬನಿಗೆ ಕೊಟ್ಟರು. ಅವನ ತಲೆ ನರೆಯಿತು, ಉಬ್ಬಿದ ತೋಳು ಇಳಿಯಿತು. ಕಿಟಕಿಯ ಕೆಳಗಿನ ಆ ಕಲ್ಲು ಅವನು ಕೂತೂ ಕೂತೂ ನುಣ್ಣಗಾಯಿತು. ಬರುವವರು ಹೋಗುವವರು ಅವನನ್ನು ದಾಟಿಕೊಂಡು ಹೋಗುತ್ತಿದ್ದರು.

ಅವನ ಹೊಟ್ಟೆಪಾಡು ಹೇಗೆ ನಡೆಯುತ್ತಿದೆ ಎಂಬುದು ಅವಳಿಗೆ ಬಹಳ ದಿನ ಗೊತ್ತಿರಲಿಲ್ಲ. ಕೇಳುವ ಮುಖವೂ ಇರಲಿಲ್ಲ. ಒಂದು ಮಧ್ಯಾಹ್ನ ಗಾಡಿ ಹೊಳೆದಂಡೆಯ ಕೇರಿಯಲ್ಲಿ ಹೋಗುವಾಗ ಪರದೆಯ ಸಂದಿಯಿಂದ ಕಂಡಿತು. ಅಂಬಿಗನ ಮನೆಯ ಹಿತ್ತಿಲಲ್ಲಿ ಎಲೆಯ ಮೇಲೆ ಎಡೆ ಇಟ್ಟಿತ್ತು. ಸತ್ತವರ ಹೆಸರಿನಲ್ಲಿ, ಕಾಗೆ ಬಂದು ಮುಟ್ಟಲಿ ಎಂದು ಇಡುವ ಎಡೆ. ಅಂಬಿಗ ಅದರ ಮುಂದೆ ಕೂತು ಉಣ್ಣುತ್ತಿದ್ದ. ಅರ್ಧ ಮುಚ್ಚಿದ ಬಾಗಿಲ ಹಿಂದೆ ಬೋಳುಗೈಯ ಹೆಂಗಸೊಬ್ಬಳು ಕೋಲು ಹಿಡಿದು ನಿಂತಿದ್ದಳು. ಅವನ ಕಡೆ ಒಂದು ಸಲವೂ ನೋಡದೆ, ಕಾಗೆಗಳನ್ನು ಓಡಿಸುತ್ತಿದ್ದಳು.

ವರ್ಷಕ್ಕೊಮ್ಮೆ ಇಡುವ ಎಡೆಯನ್ನು ಅವಳು ದಿನಾ ಇಡುತ್ತಿದ್ದಳಂತೆ. ಸತ್ತ ಗಂಡನ ಮೇಲೆ ಎಂಥ ಪ್ರೀತಿ ಎಂದು ಊರು ಕಣ್ಣೀರು ಹಾಕುತ್ತಿತ್ತು. ಕಾಗೆ ಮುಟ್ಟುವುದಿಲ್ಲವಂತೆ, ಪಾಪ, ಅವನಿಗೆ ಏನೋ ಆಸೆ ಉಳಿದಿರಬೇಕು ಎಂದೂ ಮಾತಾಡಿಕೊಳ್ಳುತ್ತಿತ್ತು.

ಆ ದಿನ ಹೇಳುವವಳಿಗೆ ಅನ್ನ ಸೇರಲಿಲ್ಲ. ಸಂಜೆ ಗಾಡಿ ಗುಡ್ಡ ಹತ್ತುತ್ತಿದ್ದಾಗ ಮುದುಕ ಎಂದೋ ಹೇಳಿದ್ದ ಒಂದು ಕ್ರಮ ಅವಳಿಗೆ ನೆನಪಾಯಿತು. ಗಾಜು ಬಿಟ್ಟು ಹೋಗುವವರು ಕೊನೆಯ ಸಂಜೆ ಒಂದು ಮಾತನ್ನು ತಮ್ಮದಾಗಿ ಹೇಳಬಹುದು. ಅದನ್ನು ತಡೆಯುವ ಅಧಿಕಾರ ಯಜಮಾನನಿಗೂ ಇಲ್ಲ. ಎಲ್ಲರೂ 'ಊರಿಗೆ ಒಳ್ಳೆಯದಾಗಲಿ' ಎಂದು ಹೇಳಿ ಎದ್ದುಹೋಗುತ್ತಿದ್ದರು.

ಕಿಟಕಿಯಿಂದ ಬಗ್ಗಿ ಅಂಬಿಗನನ್ನು ಕೂಗಿದಳು. "ನಾನು ಇಲ್ಲಿಂದ ಹೋಗೋ ದಿನ ನಿನ್ನ ಮಾತು ಹೇಳ್ತೀನಿ. ಆಣೆ ಮಾಡಿ ಹೇಳ್ತೀನಿ. ಅಲ್ಲೀತನಕ ಕಾಯ್ತೀಯಾ?"

ಅಂಬಿಗ ತಲೆಯೆತ್ತಿ ನಕ್ಕ. "ಕಾಯ್ತೀನಿ ಬಿಡು ತಾಯಿ. ಸತ್ತೋನಿಗೆ ಏನವಸರ?"

ಅವಳಿಗೆ ನಗಲಾಗಲಿಲ್ಲ. ಆದರೆ ಮನಸ್ಸಿಗೆ ಎಷ್ಟೋ ಹಗುರವಾಯಿತು. ಆಣೆ ಮಾಡಿದ ಮೇಲೆ ಅರ್ಧ ಹೇಳಿದ ಹಾಗೆಯೇ ಅಲ್ಲವೇ ಎಂದು ಸಮಾಧಾನ ಮಾಡಿಕೊಂಡಳು. ಅವತ್ತಿನಿಂದ ಕಿಟಕಿಯಲ್ಲಿ ಬಗ್ಗಿ ನೋಡುವುದೂ ಕಡಿಮೆಯಾಯಿತು.

ಇನ್ನೂ ಬಹಳ ವರ್ಷಗಳು ಹೋದವು. ಒಂದು ದಿನ ಯಜಮಾನ ಅವಳ ಕಿವಿಯ ಹತ್ತಿರದ ಕೂದಲನ್ನು ಬಾಗಿ ನೋಡಿ, "ಕಪ್ಪು ನಿಲ್ತಾ ಇಲ್ಲವಲ್ಲಮ್ಮ" ಅಂದ. ಆ ಮಾತಿನ ಅರ್ಥ ಅವಳಿಗೆ ತಿಳಿಯಿತು. ಹೊಸಬಳೊಬ್ಬಳು ಆಗಲೇ ಪಕ್ಕದಲ್ಲಿ ಬಂದು ಕೂತಿದ್ದಳು. ಅವಳಿಗೆ ಯಾರೂ ಪ್ರಶ್ನೆ ಕಲಿಸಿರಲಿಲ್ಲ. ಅವಳಿಗೆ ಕಲಿಸಿದ್ದು ಬೇಗ ಹೇಳುವುದನ್ನು ಮಾತ್ರ.

ಕೊನೆಯ ಸಂಜೆ ಬಂತು. ಗಾಜಿನ ಮನೆಯನ್ನೆಲ್ಲ ಹೂವಿನಿಂದ ಸಿಂಗರಿಸಿದ್ದರು. ಹೇಳುವವಳು ಕಿಟಕಿಯ ಹೂಮಾಲೆ ಸರಿಸಿ ಕೆಳಗೆ ನೋಡಿದಳು. ಕಲ್ಲಿನ ಮೇಲೆ ಅಂಬಿಗ ಗೋಡೆಗೆ ಒರಗಿ ಕೂತಿದ್ದ, ಮುಖದ ಮೇಲೆ ಟವಲು ಹಾಕಿಕೊಂಡು. ಇವತ್ತು ಅವನ ದಿನ ಎಂದು ಕೂಗಿ ಹೇಳಬೇಕೆನಿಸಿತು. ಮತ್ತೆ, ನಿದ್ದೆ ಹೋಗಿದ್ದಾನೆ, ಊರೇ ಬಂದು ಎಬ್ಬಿಸಲಿ, ಆ ಸಂತೋಷ ಅವನಿಗಿರಲಿ ಅಂದುಕೊಂಡಳು. ಇಳಿದು ಹೋಗಿ ನೋಡಿ ಬರಬಹುದಿತ್ತು. ಇಪ್ಪತ್ತು ಮೆಟ್ಟಿಲೂ ಇರಲಿಲ್ಲ. ಆದರೆ ಹಿಟ್ಟು ಹಚ್ಚಿಕೊಂಡ ಮೇಲೆ ಕೆಳಗಿಳಿಯುವ ಅಭ್ಯಾಸ ಅವಳಿಗಿರಲಿಲ್ಲ.

ಗಾಜು ಬೆಳಗಿತು. ಸುದ್ದಿಗಳೆಲ್ಲ ಮುಗಿದವು. ಯಜಮಾನ ಕೈಸನ್ನೆ ಮಾಡಿದ. ಊರಿಗೆ ಒಳ್ಳೆಯದಾಗಲಿ ಅನ್ನುತ್ತಾಳೆ ಎಂದು ಎಲ್ಲರೂ ಕೈಜೋಡಿಸಿಕೊಂಡು ಕಾದರು.

"ಕೇಳಿರಿ" ಅಂದಳು ಅವಳು. ತುಟಿ ನಡುಗಿತು, ಅವಳು ತಡೆಯಲಿಲ್ಲ. "ಅಂಬಿಗ ಸತ್ತ ಅಂತ ನಾನು ಹೇಳಿದ್ದು ತಪ್ಪು. ಕೇಳದೆ ಹೇಳಿದೆ. ಅವನು ಸತ್ತಿರಲಿಲ್ಲ. ಅವನು ಬದುಕಿದ್ದಾನೆ."

ಯಜಮಾನನ ಮುಖ ಕಪ್ಪಿಟ್ಟಿತು. ಆಮೇಲೆ ಮನೆ ಮನೆಯಿಂದ ಎದ್ದ "ಆಯಿತು" ಒಂದಾಗಿ ಗುಡ್ಡದ ತನಕ ಕೇಳಿಸಿತು. ಯಾರ ಮದುವೆಯೂ ಮುರಿಯಲಿಲ್ಲ. ಯಾವ ಮಗುವೂ ಮಾಯವಾಗಲಿಲ್ಲ. ಊರು ಬಿಚ್ಚಿಕೊಳ್ಳಲಿಲ್ಲ. ಇಷ್ಟೇ ಆಗುವುದಾಗಿತ್ತು. ಇಷ್ಟಕ್ಕೇ ಹೆದರಿ ಒಬ್ಬನ ಬದುಕನ್ನೆಲ್ಲ ಕಲ್ಲಿನ ಮೇಲೆ ಕೂರಿಸಿದೆನಲ್ಲ ಅಂದುಕೊಂಡಳು.

ಶಾಲು ಎಸೆದು ಮೆಟ್ಟಿಲಿಳಿದು ಓಡಿದಳು.

"ಏಳಪ್ಪಾ, ಹೇಳಿದೆ! ಹೇಳಿಬಿಟ್ಟೆ!"

ಟವಲು ಸರಿಸಿದಳು. ಕೈ ಹಿಡಿದಳು. ಕೈ ಕಲ್ಲಿಗಿಂತ ತಣ್ಣಗಿತ್ತು. ಪ್ರಾಣ ಹೋಗಿ ಬಹಳ ಹೊತ್ತಾಗಿತ್ತು. ಬೆಳಿಗ್ಗೆಯೋ ಮಧ್ಯಾಹ್ನವೋ, ಯಾರಿಗೆ ಗೊತ್ತು? ಅವನನ್ನು ನೋಡುವವರು ಊರಲ್ಲಿ ಯಾರೂ ಇರಲಿಲ್ಲ.

ಅಷ್ಟರಲ್ಲಿ ಜನ ಬಂದರು. ತಮಟೆ ಬಡಿಯುತ್ತ, ದೀವಟಿಗೆ ಹಿಡಿದು, ಹೂಮಾಲೆ ತಂದು ಬಂದರು. ಅಂಬಿಗನನ್ನು ದಾಟಿಕೊಂಡು ಹೋಗುತ್ತಿದ್ದವರೆಲ್ಲ ಅವನ ಸುತ್ತ ನೆರೆದರು.

"ಅಣ್ಣಾ, ಎಷ್ಟು ವರ್ಷವಾಯಿತು ನಿನ್ನ ನೋಡಿ!"

"ಕೊಂಚ ಸೊರಗಿದ್ದಾನೆ ಅಷ್ಟೆ. ಬಿಟ್ಟರೆ ಹಾಗೇ ಇದ್ದಾನೆ."

"ಅವನು ತೀರಿಕೊಂಡಿದ್ದಾನೆ" ಅಂದಳು ಅವಳು. "ಕೈ ಮುಟ್ಟಿ ನೋಡಿ, ಸತ್ತುಹೋಗಿದ್ದಾನೆ."

"ಸ್ವಲ್ಪ ಸರಿಯಮ್ಮ ಆಚೆಗೆ" ಎಂದು ಯಾರೋ ಅವಳನ್ನು ಪಕ್ಕಕ್ಕೆ ತಳ್ಳಿದರು. "ಒಳ್ಳೆ ಹೊತ್ತಿನಲ್ಲಿ ಕೆಟ್ಟ ಮಾತು ಆಡಬೇಡ. ಬದುಕಿದ್ದಾನೆ ಅಂತ ಗಾಜು ಈಗ ತಾನೇ ಹೇಳಿತು."

ಅದೇ ದನಿ, ಅದೇ ಮುಖ. ಆದರೆ ಸೀರೆಯ ಕೆಳಗೆ ಎರಡು ಕಾಲುಗಳಿದ್ದವು, ಮಣ್ಣು ಮೆತ್ತಿದ್ದವು. ಯಾರೂ ಅವಳ ಗುರುತು ಹಿಡಿಯಲಿಲ್ಲ. ಅಂಬಿಗನ ಕೊರಳಿಗೆ ಮಾಲೆ ಹಾಕಿದರು, ಬಾಯಿಗೆ ಬೆಲ್ಲದ ಚೂರು ಇಟ್ಟರು. ಅದು ಜಾರಿ ಬಿದ್ದಾಗ ನಾಚಿಕೊಂಡಿದ್ದಾನೆ ಅಂದರು. ಅವನನ್ನು ಹೆಗಲ ಮೇಲೆ ಹೊತ್ತು, ಊರೆಲ್ಲ ಸುತ್ತಿಸಿಕೊಂಡು ಮನೆಗೆ ಮುಟ್ಟಿಸೋಣ ಎಂದು ಹೊರಟರು.

ಮೇಲೆ ಹೊಸಬಳು ಹೂಮಾಲೆಗಳ ನಡುವೆ ಕೂತು ಕನ್ನಡಿ ನೋಡಿಕೊಳ್ಳುತ್ತಿದ್ದಳು. ಹೇಳುವವಳಾಗಿದ್ದವಳು ಮೆಟ್ಟಿಲ ಬುಡದಲ್ಲಿ ನಿಂತು ಒಮ್ಮೆ ಮೇಲಕ್ಕೆ ನೋಡಿದಳು. ಹತ್ತಿ ಹೋಗಿ, ಅವನ ಸಾವನ್ನು ಹೇಳಿಸಿ ಎಂದು ಬೇಡಿಕೊಂಡರೆ ಯಜಮಾನ ಏನನ್ನುತ್ತಾನೆ ಎಂದು ಗೊತ್ತಿತ್ತು. ತಮಟೆಯ ಸದ್ದು ಬಲಕ್ಕೆ ತಿರುಗಿತು. ಅವಳು ಎಡಕ್ಕೆ ತಿರುಗಿ, ಹೊಳೆದಂಡೆಯ ಕೇರಿಯ ಕಡೆ ನಡೆದಳು. ಆ ದಾರಿಯನ್ನು ಪರದೆಯ ಸಂದಿಯಿಂದ ಮಾತ್ರ ನೋಡಿದ್ದವಳು. ಕಲ್ಲು ಚುಚ್ಚಿತು. ನಾಯಿಗಳು ಬೊಗಳಿ ಬೆನ್ನಟ್ಟಿ ಬಂದವು. ಅವಳು ನಿಲ್ಲಲಿಲ್ಲ.

ಅಂಬಿಗನ ಮನೆಯ ಬಾಗಿಲು ಪೂರ್ತಿ ತೆರೆದಿತ್ತು. ಒಳಗೆ ದೀಪದ ಬೆಳಕಿನಲ್ಲಿ ಎರಡು ತಟ್ಟೆ ಹಾಕಿತ್ತು. ಬಿಸಿ ಮುದ್ದೆಯ ಹಬೆ ಏಳುತ್ತಿತ್ತು. ಈಗ ಮುದುಕಿಯಾಗಿದ್ದ ಅವನ ಹೆಂಡತಿ ಹೊಸ್ತಿಲ ಹತ್ತಿರ ಕೂತು, ಎಂದೋ ಎತ್ತಿಟ್ಟಿದ್ದ ಹಸಿರು ಬಳೆಗಳನ್ನು ಕೈಗೆ ಏರಿಸುತ್ತಿದ್ದಳು. ಕೈ ಒಣಗಿ ಕಡ್ಡಿಯಾಗಿತ್ತು. ಬಳೆಗಳು ಮೊಣಕೈ ತನಕ ಜಾರುತ್ತಿದ್ದವು.

ಹೇಳುವವಳು ಬಾಗಿಲಲ್ಲಿ ನಿಂತಳು. 'ಕೇಳಿರಿ' ಅನ್ನಲಿಲ್ಲ. 'ಇದು ಆಯಿತು' ಅನ್ನಲಿಲ್ಲ. ಆ ಮಾತುಗಳಿಲ್ಲದೆ ಹೇಗೆ ಶುರುಮಾಡಬೇಕೋ ಗೊತ್ತಾಗಲಿಲ್ಲ.

"ಅಕ್ಕಾ" ಅಂದಳು ಕೊನೆಗೆ. "ಅವರು ಹೋಗಿಬಿಟ್ಟರು."

ಮುದುಕಿ ತಲೆಯೆತ್ತಿ ಅವಳ ಮುಖ ನೋಡಿದಳು. ಗುರುತು ಸಿಕ್ಕಿತು. ಆಮೇಲೆ ಕೆಳಗೆ ನೋಡಿದಳು. ರಕ್ತ ಒಸರುತ್ತಿದ್ದ, ಧೂಳು ಹತ್ತಿದ ಕಾಲುಗಳನ್ನು ಬಹಳ ಹೊತ್ತು ನೋಡಿದಳು.

"ನೀನೇ ಕಂಡ್ಯಾ?" ಅಂದಳು. "ಇಲ್ಲಾ ಯಾರಾನಾ ಅಂದಿದ್ದು ಕೇಳಿದ್ಯಾ?"



"ಕಂಡೆ. ಕೈ ಹಿಡಿದು ಕಂಡೆ."

ಮುದುಕಿ ಬಳೆಗಳನ್ನು ಒಂದೊಂದಾಗಿ ಕೈಯಿಂದ ತೆಗೆದು ಹೊಸ್ತಿಲ ಮೇಲಿಟ್ಟಳು. ತೆಗೆಯುವುದೇನೂ ಕಷ್ಟವಾಗಲಿಲ್ಲ.

"ಮಧ್ಯಾನ ಎಡೆ ಹಂಗೇ ಇತ್ತು" ಅಂದಳು. "ಕಾಗೆ ಓಡ್ಸೀ ಓಡ್ಸೀ ತೋಳು ಸೋತೋಯ್ತು. ಕೊನೆಗೆ ಅವೇ ತಿಂದ್ವು. ಆಗ್ಲೇ ನನ್ನ ಜೀವಕ್ಕೆ ಗೊತ್ತಾಯ್ತು. ಸಂಜೆ ನೀನು ಗಾಜಿನಾಗೆ ಬದುಕವ್ನೆ ಅಂದೆ. ಗೊತ್ತಾಗಿದ್ದೆಲ್ಲ ಬಿಟ್ಟು ಒಲೆ ಹಚ್ಚಿದೆ ಕಣವ್ವ."

"ನನ್ನದು ತಪ್ಪಾಯಿತು ಅಕ್ಕಾ."

"ನಿಂದೊಬ್ಬಳ್ದೇ ಅಲ್ಲ. ಅವತ್ತು ಅವರು ನನ್ನ ಪಕ್ಕದಾಗೇ ಕುಂತಿದ್ರು. ಬೆರಳಿಗೆ ಸಾರು ಅಂಟಿತ್ತು. ಕಣ್ಣಾರೆ ಕಾಣ್ತಿದ್ದೋಳು ಬಳೆಗೆ ಕೈ ಹಾಕಿದೆ."

ದೂರದಲ್ಲಿ ತಮಟೆಯ ಸದ್ದು ಕೇಳಿಸಿತು. ಮೆರವಣಿಗೆ ಕೇರಿಯ ಕಡೆ ತಿರುಗಿತ್ತು. ಮುದುಕಿ ಎದ್ದು ಒಳಗಿಂದ ಚೆಂಬಿನಲ್ಲಿ ನೀರು ತಂದು ಹೇಳುವವಳ ಕಾಲ ಹತ್ತಿರ ಇಟ್ಟಳು. ಹಾಗೆ ಬಗ್ಗಿದವಳು ಆ ಕಾಲುಗಳನ್ನೇ ನೋಡುತ್ತ ಹೇಳಿದಳು.

"ಅವತ್ತು ನೀನು ಹಿಂಗೇ ನಡ್ಕೊಂಡು ಬಂದು, ಈ ಬಾಗಿಲಾಗೆ ನಿಂತ್ಕೊಂಡು ನಿನ್ನ ಗಂಡ ಸತ್ತ ಅಂದಿದ್ರೆ, ಇಲ್ಲ ಕಣವ್ವ, ಒಳಗವ್ರೆ, ಉಣ್ತಾವ್ರೆ, ನೀನೂ ಬಾ ಅಂತಿದ್ದೆ."

ಒಳಗೆ ಎರಡು ತಟ್ಟೆಗಳಲ್ಲಿ ಮುದ್ದೆ ಆರುತ್ತಿತ್ತು. ಹೇಳುವವಳು ಹೊಸ್ತಿಲ ಮೇಲೆ, ಬಳೆಗಳ ಪಕ್ಕದಲ್ಲಿ ಕೂತಳು. ಮುದುಕಿಯೂ ಬಂದು ಕೂತಳು. ಅವನನ್ನು ಹೊತ್ತುಕೊಂಡು ನಗುತ್ತ ಬರುತ್ತಿದ್ದ ಊರಿಗಾಗಿ ಇಬ್ಬರೂ ಕಾದರು.